ಬರೆದ ಮೇಲೆ ನೋವು ಇನ್ನೂ ಜಾಸ್ತಿಯಾಯಿತಲ್ಲ, ಯಾಕೆ?

ಮನಸ್ಸಿನ ನೋವನ್ನು ಬರೆದು ಹೊರಹಾಕುವ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬರೆದರೆ ಹಗುರಾಗುತ್ತದೆ ಅಂದರು, ಬರೆದೆ. ಆದರೆ ಅವತ್ತು ರಾತ್ರಿ ನಿದ್ದೆಯೇ ಬರಲಿಲ್ಲ. ಇದು ನನಗೆ ಆಗಿಬರುವುದಿಲ್ಲವಾ?"

ಆಗಿಬರುವುದಿಲ್ಲ ಎಂದು ಒಂದೇ ದಿನದ ಬರಹದಿಂದ ಹೇಳಲು ಬರುವುದಿಲ್ಲ. ಬರೆದ ದಿನ ಭಾರವಾಗುವುದು ಸಹಜ, ಮತ್ತು ಇದು ಈ ವಿಧಾನದ ಮೊದಲ ಪ್ರಯೋಗದಲ್ಲೇ ಕಂಡ ಸಂಗತಿ. ಅಮೆರಿಕದ ಡಲ್ಲಾಸ್‌ನಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 46 ಕಾಲೇಜು ವಿದ್ಯಾರ್ಥಿಗಳಿಂದ ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಕೆಲವರಿಗೆ ರೂಮು, ಚಪ್ಪಲಿಯಂಥ ಸಾದಾ ವಿಷಯ. ಉಳಿದವರಿಗೆ ಬದುಕಿನ ದೊಡ್ಡ ಪೆಟ್ಟು. ಪೆಟ್ಟಿನ ಬಗ್ಗೆ ಬರೆದವರು ಬರೆದು ಎದ್ದಾಗ ಹೆಚ್ಚು ಕುಗ್ಗಿದ್ದರು, ರಕ್ತದೊತ್ತಡವೂ ಏರಿತ್ತು. ಆದರೆ ಮುಂದಿನ 6 ತಿಂಗಳಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಕಡಿಮೆಯಾಗಿದ್ದೂ ಅವರಲ್ಲೇ, ಅದರಲ್ಲೂ ನಡೆದದ್ದನ್ನೂ ಅನ್ನಿಸಿದ್ದನ್ನೂ ಸೇರಿಸಿ ಬರೆದವರಲ್ಲಿ. ನಡೆದದ್ದನ್ನಷ್ಟೇ ವರದಿಯಂತೆ ಬರೆದವರಿಗೆ ಆ ಲಾಭ ಸಿಗಲಿಲ್ಲ.

ಇದನ್ನು ಪವಾಡದಂತೆ ಹೇಳುವುದು ನನಗೆ ಇಷ್ಟವಿಲ್ಲ. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಲಾಭ ಇದೆ, ಆದರೆ ಸರಾಸರಿ ಚಿಕ್ಕದು ಎಂದು. 3 ಸಲವಾದರೂ, ಪ್ರತಿ ಸಲ 15 ನಿಮಿಷವಾದರೂ, ಮನೆಯಲ್ಲಿ ಏಕಾಂತದಲ್ಲಿ ಬರೆದಾಗ ಆ ಲಾಭ ಹೆಚ್ಚು. ಖರ್ಚು ಒಂದು ಪೆನ್ನು, ಹತ್ತು ಹಾಳೆ. ಅಷ್ಟಕ್ಕೆ ಸಿಗುವ ಚಿಕ್ಕ ಲಾಭ ನನ್ನ ಲೆಕ್ಕದಲ್ಲಿ ಸಣ್ಣದಲ್ಲ.

ಹಾಗಾದರೆ ಎಡವುವುದೆಲ್ಲಿ? ಹೆಚ್ಚಿನವರು ಒಂದೇ ದಿನ, ಅದೂ ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಕೂತು ಎರಡು ಗಂಟೆ ಬರೆಯುತ್ತಾರೆ. ಗಾಯ ತೆರೆದಿರುತ್ತದೆ, ಮುಚ್ಚಲು ಹೊತ್ತಿರುವುದಿಲ್ಲ. ಮಾರನೆಯ ದಿನ ಹೆದರಿ ಪುಸ್ತಕವನ್ನೇ ಮುಟ್ಟುವುದಿಲ್ಲ. ಮಾಡಬೇಕಾದದ್ದು ಇದರ ಉಲ್ಟಾ. ಸಂಜೆಯೋ ಬೆಳಗ್ಗೆಯೋ 15ರಿಂದ 20 ನಿಮಿಷಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಅದು ಹೊಡೆದಾಗ ವಾಕ್ಯ ಅರ್ಧದಲ್ಲಿದ್ದರೂ ನಿಲ್ಲಿಸಿ. ಆಮೇಲೆ ಹತ್ತು ನಿಮಿಷ ಕೈಗೆ ಕೆಲಸ ಕೊಡಿ: ಸೊಪ್ಪು ಬಿಡಿಸುವುದು, ಪಾತ್ರೆ ತೊಳೆಯುವುದು, ಬೀದಿ ತುದಿಯವರೆಗೆ ನಡೆಯುವುದು. ತಕ್ಷಣ ಫೋನ್ ತೆರೆಯಬೇಡಿ, ಮುಖ್ಯವಾಗಿ ಬರೆದದ್ದನ್ನು ಯಾರಿಗೂ ಕಳಿಸಬೇಡಿ. ನಾಳೆ ಅದೇ ಹೊತ್ತಿಗೆ ಮತ್ತೆ ಕೂರಿ. ಒಟ್ಟು 4 ದಿನ.

ಬಿಡಿ ಹಾಳೆಯಲ್ಲಿ ಬರೆಯಿರಿ ಎನ್ನುತ್ತೇನೆ. ಮನೆತುಂಬ ಜನರಿರುವಲ್ಲಿ ಡೈರಿ ಯಾರ ಕೈಗೆ ಸಿಗುತ್ತದೋ ಎಂಬ ಅಳುಕು ಇದ್ದರೆ, ಪೆನ್ನು ಅತ್ತೆಯ ಕಣ್ಣಿಗೆ, ಅಣ್ಣನ ಕಣ್ಣಿಗೆ ಸರಿಹೋಗುವಂತೆಯೇ ಬರೆಯುತ್ತದೆ. ಓದುಗರೇ ಇಲ್ಲ ಎಂಬ ಧೈರ್ಯ ಬಂದ ಮೇಲೆ ಕೈ ಬಿಚ್ಚುತ್ತದೆ. ಫೋನಿನಲ್ಲಿ ಟೈಪ್ ಮಾಡಿದರೂ ಆದೀತು. ಕಾಗುಣಿತ, ಒತ್ತಕ್ಷರ, ಮಹಾಪ್ರಾಣ ಯಾವುದನ್ನೂ ತಿದ್ದಬೇಡಿ. ಏನೂ ತೋಚದಿದ್ದರೆ ಹಿಂದಿನ ಸಾಲನ್ನೇ ಮತ್ತೆ ಬರೆಯುತ್ತಿರಿ, ಪೆನ್ನು ಮಾತ್ರ ನಿಲ್ಲದಿರಲಿ.

ಇನ್ನು ಭಾಷೆ. ಇಲ್ಲಿ ನಮ್ಮ ಕನ್ನಡದ್ದೇ ಆದ ಎರಡು ತೊಡಕುಗಳಿವೆ. ಒಂದು, "ಬೇಜಾರು". ಹೊತ್ತು ಹೋಗದಿದ್ದರೂ ಬೇಜಾರು, ಗೆಳತಿ ಮದುವೆಗೆ ಕರೆಯದಿದ್ದರೂ ಬೇಜಾರು, ಅಪ್ಪ ತೀರಿಕೊಂಡರೂ ಬೇಜಾರು. ಇಷ್ಟೆಲ್ಲ ಹೊರುವ ಪದ ಬರಹದಲ್ಲಿ ಏನನ್ನೂ ಹೇಳುವುದಿಲ್ಲ. ಹಾಳೆಯಲ್ಲಿ ಬೇಜಾರು ಬಂದಲ್ಲೆಲ್ಲ ಅದನ್ನು ಒಡೆಯಿರಿ: ಅವಮಾನವೇ, ಹೊಟ್ಟೆಕಿಚ್ಚೇ, ಕೊರಗೇ, ಸಂಕಟವೇ, ಭಯವೇ, ಮಾಡಿದ್ದಕ್ಕೆ ಪಶ್ಚಾತ್ತಾಪವೇ? ಸರಿಯಾದ ಪದ ಸಿಕ್ಕಿದ ಗಳಿಗೆಯಲ್ಲಿ ಮುಂದಿನ ವಾಕ್ಯ ತಾನಾಗಿ ಬರುತ್ತದೆ.

ಎರಡನೆಯದು, ನಮ್ಮ ವಾಕ್ಯದಲ್ಲಿ ಮಾಡಿದವರು ಮರೆಯಾಗಿಬಿಡುವುದು. "ಹಾಗಾಗಿಹೋಯಿತು", "ಮಾತು ಬಂತು", "ಜಗಳವಾಯಿತು". ಯಾರು ಆಡಿದ ಮಾತು? ಯಾರ ಜೊತೆ ಜಗಳ? "ಮಾವ ಎಲ್ಲರೆದುರು ಹೀಗೆ ಅಂದರು, ನಾನು ತಟ್ಟೆ ಬಿಟ್ಟು ಎದ್ದೆ" ಎಂದು ಬರೆಯಲು ಕೈ ನಡುಗುತ್ತದೆ. ಬರೆಯಬೇಕಾದ ವಾಕ್ಯ ಅದೇ. ಜೊತೆಗೆ, ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆಯಿರಿ, ಅದು ಮಂಗಳೂರಿನದೋ ಧಾರವಾಡದ್ದೋ ಕೋಲಾರದ್ದೋ ಇರಲಿ. ಗ್ರಾಂಥಿಕ ಕನ್ನಡವೋ ಆಫೀಸಿನ ಇಂಗ್ಲಿಷೋ ಆದರೆ ನೋವು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬರುತ್ತದೆ. ಆದರೆ ಮೊದಲ ದಿನ ಎದೆ ತೀರಾ ಭಾರವಾದರೆ, ಇಂಥ ಭಾಷೆ ನೋವಿನಿಂದ ಕೊಡುವ ದೂರ ಉಪಯೋಗಕ್ಕೂ ಬರುತ್ತದೆ. ಅಂದು ಇಂಗ್ಲಿಷಿನಲ್ಲೋ, "ನಾನು" ಎನ್ನುವ ಬದಲು "ಅವಳು", "ಅವನು" ಎಂದೋ ಬರೆದು, ಮಾರನೆಯ ದಿನ ಹತ್ತಿರ ಬರಬಹುದು.

ನಾಲ್ಕು ದಿನವೂ ಒಂದೇ ಘಟನೆಯಾದರೂ ಬರೆಯುವುದು ಒಂದೇ ಆಗಬಾರದು. ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ತಂದೆಯ ಕೊನೆಗಾಲದಲ್ಲಿ ಬೇರೆ ಊರಿನಲ್ಲಿದ್ದ ಮಗಳು ಎಂದುಕೊಳ್ಳಿ. ಮೊದಲ ದಿನದ ಹಾಳೆ ಹೀಗಿರಬಹುದು: "ಅಪ್ಪ ಹೋದಾಗ ನಾನಿರಲಿಲ್ಲ. ತುಂಬಾ ಬೇಜಾರು. ಎಲ್ಲಾ ನನ್ನದೇ ತಪ್ಪು. ನಾನಿರಬೇಕಿತ್ತು."

ಎರಡನೇ ದಿನ ಅಪ್ಪ ಹೋದ ದಿನದ ಬೆಳಗ್ಗೆಗೆ ಹತ್ತಿರ ಹೋಗಬೇಕು. "ಅವತ್ತು ಎಂಟೂವರೆಗೆ ಅಪ್ಪ ಫೋನ್ ಮಾಡಿದರು. ನಾನು ಬಸ್ಸಿನಲ್ಲಿದ್ದೆ, ಕಟ್ ಮಾಡಿದೆ. ಆಮೇಲೆ ಮಾಡೋಣ ಅಂದುಕೊಂಡೆ. ಏಕೆಂದರೆ ಅವರು ದಿನಾ ಅದೇ ಹೊತ್ತಿಗೆ ಫೋನ್ ಮಾಡಿ ತಿಂಡಿ ಆಯ್ತಾ ಅಂತ ಕೇಳ್ತಿದ್ದರು, ಅಷ್ಟೇ."

ಮೂರನೇ ದಿನ ಈ ಕೊರಗು ಬೇರೆ ಎಲ್ಲೆಲ್ಲಿ ಕೈಯಾಡಿಸಿದೆ ಎಂದು ನೋಡುವುದು. "ಈಗ ಅಮ್ಮನ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತೆ. ಮೊನ್ನೆ ಅವಳ ಮೇಲೆ ರೇಗಿದೆ. ಯಾಕೆ ರೇಗಿದೆ ಅಂತ ಈಗ ಗೊತ್ತಾಗ್ತಿದೆ." ಬೇಕಿದ್ದರೆ ಅದೇ ಬೆಳಗ್ಗೆಯನ್ನು ಅಪ್ಪನ ಕಡೆಯಿಂದಲೂ ಬರೆದು ನೋಡಬಹುದು. ನಾಲ್ಕನೇ ದಿನ, ಇದನ್ನು ಇಟ್ಟುಕೊಂಡು ಮುಂದೇನು ಎಂದು.

ಎರಡನೇ ದಿನದ "ಏಕೆಂದರೆ", ಮೂರನೇ ದಿನದ "ಈಗ ಗೊತ್ತಾಗ್ತಿದೆ" ಗಮನಿಸಿ. ಪೆನ್ನೆಬೇಕರ್ ಮತ್ತು ಜೊತೆಗಾರರು ಇಂಥ ಬರಹಗಳ ಪದ ಎಣಿಸಿದಾಗ, ದಿನ ಕಳೆದಂತೆ ಕಾರಣ ಹೇಳುವ, ಅರ್ಥವಾದದ್ದನ್ನು ಹೇಳುವ ಪದಗಳು ಹೆಚ್ಚಾದವರಿಗೆ ಉಪಯೋಗವೂ ಹೆಚ್ಚು ಎಂದು ಕಂಡಿತು. ಬರೀ ಕಣ್ಣೀರು ಸುರಿಸಿದ್ದರಿಂದ ಆಗುವ ಕೆಲಸವಲ್ಲ ಇದು. ಚೆಲ್ಲಾಪಿಲ್ಲಿಯಾಗಿದ್ದ ಘಟನೆಗೆ ಮೊದಲು, ಆಮೇಲೆ, ಅದಕ್ಕೇ ಎಂಬ ದಾರ ಸಿಗುತ್ತದೆ. ದಾರ ಸಿಕ್ಕಿದ ನೆನಪು ಕರೆಯದೆ ಬರುವುದು ಕಡಿಮೆಯಾಗುತ್ತದೆ.

"ಇದು ನನಗೆ ಆಗಿಬರುವುದಿಲ್ಲವಾ" ಎಂಬ ಮೊದಲಿನ ಪ್ರಶ್ನೆಗೆ ನಿಜವಾದ ಪರೀಕ್ಷೆ ಇಲ್ಲಿದೆ. ಪ್ರತಿದಿನ ಬರೆಯುವ ಮೊದಲು ಮತ್ತು ಮುಗಿದ ಮೇಲೆ ಹಾಳೆಯ ಮೂಲೆಯಲ್ಲಿ ಸಂಕಟಕ್ಕೆ 0ಯಿಂದ 10ರೊಳಗೆ ಒಂದು ಅಂಕ ಹಾಕಿ. ಮೊದಲೆರಡು ದಿನ ಬರೆದ ಮೇಲೆ ಅಂಕ ಏರಿದರೆ ಹೆದರಬೇಡಿ. ನಾಲ್ಕನೇ ದಿನವೂ "ಎಲ್ಲಾ ನನ್ನದೇ ತಪ್ಪು" ಎಂಬ ವಾಕ್ಯ ಅಕ್ಷರ ಬದಲಾಗದೆ ಕೂತಿದ್ದರೆ, ಅಂಕವೂ ಏರುತ್ತಲೇ ಇದ್ದರೆ, ಅದು ಬರಹದ ರೂಪದಲ್ಲಿ ನಡೆದ ಕೊರಗು. ಐದನೇ ದಿನ ಅದನ್ನೇ ಮುಂದುವರಿಸಬೇಡಿ. ಒಂದೇ ದೂರನ್ನು ವರ್ಷಗಟ್ಟಲೆ ಡೈರಿಗೆ ಹೇಳುವವರಿಗೆ ಹಗುರಾಗದಿರುವುದೂ ಇದೇ ಕಾರಣಕ್ಕೆ. ಆಗತಾನೇ ಸಂಗಾತಿಯಿಂದ ಬೇರೆಯಾದವರ ಮೇಲೆ ನಡೆದ 2013ರ ಅಧ್ಯಯನವೊಂದರಲ್ಲಿ, ಮೊದಲೇ ಅದನ್ನೇ ಮೆಲುಕು ಹಾಕುತ್ತಿದ್ದವರಿಗೆ ನೋವು ತೋಡಿಕೊಳ್ಳುವುದಕ್ಕಿಂತ ದಿನಚರಿಯನ್ನು ಸಾದಾ ಬರೆದದ್ದೇ ಒಳ್ಳೆಯದಾಯಿತು.

ಕೆಲವರು ಒಬ್ಬರೇ ಕೂತು ಬರೆಯಲೇಬಾರದು. ಘಟನೆ ನಡೆದು ಇನ್ನೂ ಎರಡು ಮೂರು ವಾರ ಆಗಿಲ್ಲವೆಂದರೆ ಕಾಯಿರಿ. ಆಗ ಬೇಕಾದದ್ದು ಊಟ, ನಿದ್ದೆ, ಪಕ್ಕದಲ್ಲಿ ಒಬ್ಬರು. ಬರೆಯುವಾಗ ಘಟನೆ ಕಣ್ಣೆದುರೇ ನಡೆಯುತ್ತಿರುವಂತಾಗಿ ಮೈ ಬೆವೆತರೆ, ಕೈ ಮರಗಟ್ಟಿದರೆ, ಅಲ್ಲೇ ಪೆನ್ನಿಡಿ, ಸಲೀಸಾದ ಬೇರೆ ವಿಷಯಕ್ಕೆ ಹೋಗಿ. ಹಿಂಸೆ ಮಾಡಿದವರ ಕಡೆಯಿಂದ ಬರೆದು ನೋಡುವ ಹಂಗು ಯಾರಿಗೂ ಬೇಡ. ಹಿಂಸೆ ಇನ್ನೂ ನಡೆಯುತ್ತಿರುವ ಮನೆಯಲ್ಲಿ ಆ ಹಾಳೆಯೇ ಅಪಾಯ ತರಬಹುದು, ಮೊದಲು ಸುರಕ್ಷಿತ ಜಾಗ. ಸಾಯುವ ಯೋಚನೆ ಬರುತ್ತಿದ್ದರೆ ಬರೆಯುತ್ತ ಕೂರದೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ಬರಹ ನೆಚ್ಚಿ ಬಿಡಬೇಡಿ.

ನಾಲ್ಕು ದಿನದ ಹಾಳೆಗಳನ್ನು ಏನು ಮಾಡುವುದು? ಬೇರೆಯವರ ಕೈಗೆ ಸಿಗುವ ಭಯವಿದ್ದರೆ ಚಿಕ್ಕ ಚೂರು ಮಾಡಿ ಎಸೆಯಿರಿ. ಲಾಭ ಬರೆದದ್ದರಲ್ಲಿ, ಇಟ್ಟದ್ದರಲ್ಲಿ ಅಲ್ಲ. ಇಡುವಂತಿದ್ದರೆ ತಾರೀಕು ಹಾಕಿ, ಕವರಿನಲ್ಲಿ ಅಂಟಿಸಿ, ಒಂದು ತಿಂಗಳು ತೆರೆಯಬೇಡಿ. ತೆರೆದ ದಿನ ಮೊದಲ ಹಾಳೆಯನ್ನೂ ಕೊನೆಯ ಹಾಳೆಯನ್ನೂ ಪಕ್ಕಪಕ್ಕ ಇಟ್ಟು, "ಬೇಜಾರು" ಎಷ್ಟು ಸಲ ಬಂದಿದೆ, "ಏಕೆಂದರೆ" ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ.