ಆ ಚೀಟಿ ನಿಮ್ಮ ಸಭೆಯಲ್ಲಿ ಎಲ್ಲಿದೆ?

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ, ಮೆಲ್ಬರ್ನ್‌ನ ನಮ್ಮ ಆಂಗ್ಲಿಕನ್ ಚರ್ಚಿನ ಸಭೆಯಲ್ಲಿ ನಾನು ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಾಗ, ಪಕ್ಕದ ಮನೆಯ ಹಿರಿಯಾಕೆ ಹೆಂಗಸರ ಶೌಚಾಲಯದ ಬಾಗಿಲುಗಳ ಒಳಬದಿಗೆ ಹೊಸ ಚೀಟಿಗಳನ್ನು ಅಂಟಿಸಿ ಬಂದರು. ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರಿಗಾಗಿ ಇರುವ ಸಹಾಯವಾಣಿಯ ಸಂಖ್ಯೆ ಅದರಲ್ಲಿತ್ತು. ಹರಿದು ಚಪ್ಪಲಿಯೊಳಗೂ ಬಚ್ಚಿಡಬಹುದಾದಷ್ಟು ಸಣ್ಣ ತುಂಡುಗಳಾಗಿ ಅದರ ಅಂಚನ್ನು ಕತ್ತರಿಸಿದ್ದರು. ಗಂಡ ಹಿಂದೆಯೇ ಬರಲಾಗದ ಜಾಗ ಚರ್ಚಿನಲ್ಲಿ ಅದೊಂದೇ ಎಂದು ಹೇಳಿ, "ನಿಮ್ಮ ಬೆಂಗಳೂರಿನ ಸಭೆಯಲ್ಲಿ ಇದನ್ನು ಎಲ್ಲಿ ಅಂಟಿಸುತ್ತಾರೆ?" ಎಂದು ಕೇಳಿದರು. ಎಲ್ಲಿಯಾದರೂ ಅಂಟಿಸಿಯೇ ಇರುತ್ತಾರೆಂಬ ಆಕೆಯ ನಂಬಿಕೆ ನನ್ನನ್ನು ಚುಚ್ಚಿತು.

ಇಲ್ಲಿಯವರೇನು ನಮಗಿಂತ ಸಾಧುಗಳಲ್ಲ. ಆಸ್ಟ್ರೇಲಿಯಾದ ಆಂಗ್ಲಿಕನ್ ಸಭೆ ತನ್ನ ಕುಟುಂಬಗಳಲ್ಲಿ ನೊಂದವರ ಕ್ಷಮೆ ಕೇಳಿದ್ದು 2017ರಲ್ಲಿ. ಸಭೆಯೇ ಮಾಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಸಂಗಾತಿಯಿಂದಾಗುವ ಹಿಂಸೆ ಸಮಾಜದಲ್ಲಿರುವಷ್ಟೇ ಅಥವಾ ಅದಕ್ಕಿಂತ ಹೆಚ್ಚು ಆಂಗ್ಲಿಕನ್ನರಲ್ಲೂ ಇದೆ ಎಂದು ತಿಳಿಸಿತು. ಆದರೂ ಅದನ್ನು ಮುಚ್ಚಿಡದೆ ಹೊರಗೆ ಹೇಳಿದರಲ್ಲ, ಅಷ್ಟನ್ನು ಮೆಚ್ಚಲೇಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಬೆಂಗಳೂರಿನ ನಮ್ಮ ಕನ್ನಡ ಸಭೆಯ ಗಾಯನವೃಂದದಲ್ಲಿ ಒಬ್ಬ ಆಂಟಿ ಹಾಡುತ್ತಿದ್ದರು. ಒಂದು ಸಂಜೆ ಅವರು ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದುಕೊಂಡು ಸಭಾಪಾಲಕರಾದ ಅಯ್ಯನವರ ಮನೆಗೆ ಬಂದರು. ಸಭೆಯ ಹೆಂಗಸರ ಸಂಘವಾದ ಸ್ತ್ರೀಸಮಾಜದ ಕೆಲಸಕ್ಕೆಂದು ಅಮ್ಮ ಅಲ್ಲಿದ್ದರು, ಅಮ್ಮನ ಜೊತೆ ನಾನೂ ಇದ್ದೆ. ಅಯ್ಯನವರು ಕಾಫಿ ಕೊಡಿಸಿ, ಗಂಡನಿಗೆ ಹೇಳಿಕಳಿಸಿ, ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದೆಂಬ ಬೈಬಲಿನ ವಾಕ್ಯವನ್ನು ಓದಿ, ಮೊಣಕಾಲೂರಿ ಪ್ರಾರ್ಥಿಸಿ, ಇಬ್ಬರನ್ನೂ ಒಂದೇ ಆಟೋದಲ್ಲಿ ಕಳಿಸಿದರು. ಸಮಾಧಾನವಾಯಿತು ಎಂದು ಎಲ್ಲರೂ ಹೇಳಿಕೊಂಡರು. ಮರುವಾರ ಆಂಟಿ ಹಾಡಲು ಬರಲಿಲ್ಲ, ಗಂಟಲು ಸರಿಯಿಲ್ಲವಂತೆ ಎಂದರು. ಅಯ್ಯನವರು ಕೆಟ್ಟವರಾಗಿರಲಿಲ್ಲ, ಯಾರಿಗೆ ಕಾಯಿಲೆಯಾದರೂ ನಡುರಾತ್ರಿ ಆಸ್ಪತ್ರೆಗೆ ಓಡುತ್ತಿದ್ದವರು ಅವರೇ.

ಅವರ ಕಾಲದಲ್ಲಿ ಕಾನೂನೂ ಹಾಗೆಯೇ ಇತ್ತೆಂಬುದು ನಿಜ. 1869ರ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಹೆಂಡತಿಗೆ ಗಂಡನ ಕ್ರೌರ್ಯವೊಂದನ್ನೇ ತೋರಿಸಿ ಬಿಡುಗಡೆ ಪಡೆಯಲು ಸಾಧ್ಯವಿರಲಿಲ್ಲ, ಅದರ ಜೊತೆಗೆ ವ್ಯಭಿಚಾರವನ್ನೂ ಸಾಬೀತುಪಡಿಸಬೇಕಿತ್ತು. ಕ್ರೈಸ್ತ ಮಹಿಳೆಯರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2001ರ ತಿದ್ದುಪಡಿಯಿಂದ ಕ್ರೌರ್ಯವೊಂದೇ ಸಾಕೆಂದಾಯಿತು. ಇನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಮದುವೆ ಮುರಿಯದೆಯೇ ಹೆಣ್ಣು ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶವನ್ನೂ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಪಡೆಯಬಹುದು. ವಿಚ್ಛೇದನ ಪಾಪವೆಂದು ಹಿಂಜರಿಯುವ ಸಭಾಪಾಲಕರು ಇದನ್ನು ಮೊದಲು ತಿಳಿಯಬೇಕು: ಆಕೆಯನ್ನು ಉಳಿಸಲು ವಿವಾಹದ ಪಾವಿತ್ರ್ಯದ ಚರ್ಚೆಯೇ ಬೇಕಿಲ್ಲ. ಕಥೋಲಿಕರಲ್ಲಂತೂ ಧರ್ಮಸಭೆಯ ಕಾನೂನಿನ 1153ನೆಯ ವಿಧಿಯು, ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಸಂಗಾತಿಯಿಂದ ದೂರವಿರಲು ಅನುಮತಿಸುತ್ತದೆ. ಕೆಲವೊಮ್ಮೆ ಬೇರೆಯಾಗುವುದು ನೈತಿಕವಾಗಿ ಅಗತ್ಯವೆಂದು ಪೋಪ್ ಫ್ರಾನ್ಸಿಸ್ 2016ರಲ್ಲಿಯೇ ಬರೆದರು. ಪೀಠದಿಂದ ಇದನ್ನು ಕೇಳಿದ ನೆನಪು ನನಗಿಲ್ಲ. ಹೆಂಡತಿ ಅಧೀನಳಾಗಿರಬೇಕೆಂಬ ಮಾತು ಮಾತ್ರ ಪ್ರತಿ ಮದುವೆಯಲ್ಲೂ ಕೇಳಿಸುತ್ತದೆ, ಹೆಂಡತಿಯನ್ನು ಪ್ರೀತಿಸಬೇಕೆಂದು ಗಂಡನಿಗೆ ಹೇಳಿದ ಮುಂದಿನ ವಾಕ್ಯಗಳನ್ನು ಅವಸರದಲ್ಲಿ ಓದಿ ಮುಗಿಸುತ್ತಾರೆ.

ನೊಂದ ಹೆಣ್ಣಿಗೆ ಆಸರೆಯಾಗುವುದು ಬೆಂಗಳೂರಿನ ಸಭೆಗಳಿಗೆ ಅಸಾಧ್ಯವೇನಲ್ಲ. ಸಂಕಷ್ಟದಲ್ಲಿರುವ ಹೆಂಗಸರ ಸೇವೆಗೆ ನಿಂತ ಕಥೋಲಿಕ ಸನ್ಯಾಸಿನಿಯರಾದ ಗುಡ್ ಶೆಫರ್ಡ್ ಸಿಸ್ಟರುಗಳು ಈ ಊರಿಗೆ ಬಂದದ್ದು 1854ರಲ್ಲಿ. ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಕಟ್ಟಿದವರೂ ಅವರೇ. ಪ್ರತಿ ಸಭೆಯಲ್ಲೂ ಸ್ತ್ರೀಸಮಾಜವಿದೆ, ಬಡಾವಣೆಗಳಲ್ಲಿ ಮನೆಪ್ರಾರ್ಥನೆಯ ಕೂಟಗಳಿವೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಹೆಣ್ಣು ಈ ಹೆಂಗಸರ ಮುಂದೆ ಬಾಯಿ ಬಿಡುತ್ತಾಳೆ. ಗಂಡನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರೆ ಯಾರೂ ನಿಜ ಹೇಳಲಾರರು, ಹೇಳಿದರೆ ಮನೆಗೆ ಹೋದ ಮೇಲೆ ಅನುಭವಿಸಬೇಕಾಗುತ್ತದೆ. ಆದ್ದರಿಂದ ಜೋಡಿಯಾಗಿ ಕೂರಿಸಿ ರಾಜಿ ಮಾಡಿಸುವ ಪದ್ಧತಿ ಮೊದಲು ನಿಲ್ಲಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಆಕೆಯ ಜೊತೆ ಕುಳಿತು ಕರೆ ಮಾಡುವವರು, ಆಕೆಯ ಆಧಾರ್ ಕಾರ್ಡು, ಮಕ್ಕಳ ಶಾಲೆಯ ಕಾಗದಗಳ ನಕಲನ್ನು ತಮ್ಮ ಬೀರುವಿನಲ್ಲಿ ಇಟ್ಟುಕೊಳ್ಳುವವರು ಸಭೆಗೆ ಇಬ್ಬರಿದ್ದರೂ ಸಾಕು.

ಮದುವೆಗೆ ಮೊದಲು ಭಾನುವಾರಗಳಂದು ಪ್ರಕಟಣೆ ಓದಿ, ಅಡ್ಡಿಯಿದ್ದರೆ ತಿಳಿಸಿ ಎಂದು ಇಡೀ ಸಭೆಯನ್ನು ಕೇಳುವವರು ನಾವು. ಮದುವೆಯಾದ ಮೇಲೂ ಹೆಂಡತಿಯೊಬ್ಬಳನ್ನೇ ಕೂರಿಸಿಕೊಂಡು "ಹೇಗಿದ್ದೀಯಮ್ಮಾ?" ಎಂದು ವಿಚಾರಿಸುವ ಏರ್ಪಾಡನ್ನು ಸಭಾ ಸಮಿತಿಗಳು ಮಾಡಬಹುದು, ಆ ಕೆಲಸವನ್ನು ಮಾತ್ರ ಗಂಡಸರಿಗೆ ವಹಿಸಬಾರದು.