ಬಾಗಿಲು ತೆರೆದಿದೆ, ಗಲ್ಲಾಪೆಟ್ಟಿಗೆ ಸರ್ಕಾರದ್ದು

ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ಅದರಲ್ಲೂ ನಮ್ಮ ರಾಯದುರ್ಗ, ಉರವಕೊಂಡದ ಕಡೆ, ಗಾಳಿ ಕರೆಂಟಿನ ಯೋಜನೆಗಳಿಗೆ ಹೊರದೇಶದ ಹಣ ಬರುವುದು ಹೊಸ ಸಂಗತಿಯಲ್ಲ. ಅಂಥ ಹೂಡಿಕೆದಾರನ ಪರ ವಕೀಲಿಕೆ ಎಂದರೆ ದಿಲ್ಲಿಯಿಂದ ಅಪ್ಪಣೆ ತರುವುದು ಎಂದು ಬಹಳ ಜನ ತಿಳಿದಿದ್ದಾರೆ. ಇರುವುದರಲ್ಲಿ ಸುಲಭದ ಕೆಲಸ ಅದೇ. ಪರಮಾಣು ಬಿಟ್ಟರೆ ವಿದ್ಯುತ್ ಉತ್ಪಾದನೆಗೆ ನೂರಕ್ಕೆ ನೂರು ವಿದೇಶಿ ಬಂಡವಾಳ ಯಾರ ಮುಂಗಡ ಒಪ್ಪಿಗೆಯೂ ಇಲ್ಲದೆ ಬರಬಹುದು. ನಮ್ಮ ಜೊತೆ ಭೂಗಡಿ ಇರುವ ದೇಶಗಳ ಹಣಕ್ಕೆ ಮಾತ್ರ 2020ರ ಏಪ್ರಿಲ್‌ನಲ್ಲಿ ಬೇರೆ ನಿಯಮ ಬಂತು. ಎಡವುವುದೆಲ್ಲ ತಾರೀಖಿನಲ್ಲಿ. ಹಣ ಬಂದ 60 ದಿನದೊಳಗೆ ಇಲ್ಲಿನ ಕಂಪನಿ ಷೇರು ಕೊಡಬೇಕು. ಕೊಟ್ಟ 30 ದಿನದೊಳಗೆ ಅದನ್ನು ರಿಸರ್ವ್ ಬ್ಯಾಂಕಿಗೆ ತಿಳಿಸುವ ಎಫ್‌ಸಿ-ಜಿಪಿಆರ್ ನಮೂನೆ ಸಲ್ಲಿಸಬೇಕು. ಪ್ರತಿ ಜುಲೈ 15ರೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಎಲ್‌ಎ ರಿಟರ್ನ್, ಅಂದರೆ ವಿದೇಶಿ ಹೊಣೆ ಮತ್ತು ಆಸ್ತಿಯ ವಾರ್ಷಿಕ ಲೆಕ್ಕ, ಹೋಗಬೇಕು.

ಹೂಡಿಕೆದಾರ ತನ್ನೂರಿನ ವಕೀಲರನ್ನು ಕರೆತಂದರೂ ಅವರು ಇಲ್ಲಿ ವಕೀಲಿಕೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಬಂದು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗಬಹುದು. ಅಡಂಗಲ್, ಅಂದರೆ ಇಲ್ಲಿನ ಪಹಣಿ, ಓದುವ ಕೆಲಸ ಇಲ್ಲಿನವರದೇ.

ಓದಲು ಬೇಕಾದಷ್ಟಿದೆ. ವಿದೇಶಿ ಕಂಪನಿ ನೇರವಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಹಾಗಾಗಿ ಭಾರತದಲ್ಲೇ ಒಂದು ಕಂಪನಿ ನೋಂದಾಯಿಸಿ ಅದರ ಹೆಸರಲ್ಲಿ ಗುತ್ತಿಗೆ ಮಾಡುತ್ತಾರೆ. ಅಡಂಗಲ್, ಒನ್-ಬಿ (ಯಾರ ಹೆಸರಲ್ಲಿ ಎಷ್ಟು ಜಮೀನು ಎಂಬ ದಾಖಲೆ), ಪಾಸ್‌ಪುಸ್ತಕ, ಇ.ಸಿ. (ಋಣಭಾರ ಪತ್ರ) ಎಲ್ಲ ತೆಗೆಸುವ ಮೊದಲು ಸರ್ವೆ ನಂಬರು 22-ಎ ಪಟ್ಟಿಯಲ್ಲಿ, ಅಂದರೆ ನೋಂದಣಿ ನಿಷೇಧಿಸಿದ ಜಮೀನುಗಳ ಪಟ್ಟಿಯಲ್ಲಿ, ಇದೆಯೇ ಎಂದು ನೋಡಿ. ಡಿ-ಪಟ್ಟಾ ಜಮೀನು, ಅಂದರೆ ಸರ್ಕಾರ ಬಡವರಿಗೆ ಹಂಚಿದ್ದು, ಗಡಿಯಾಚೆ ಕರ್ನಾಟಕದಲ್ಲಿ ದರಖಾಸ್ತು ಎನ್ನುತ್ತಾರಲ್ಲ ಅದು, 1977ರ ಕಾಯ್ದೆಯ ಹಿಡಿತದಲ್ಲಿರುತ್ತದೆ. ಅದನ್ನು ಗುತ್ತಿಗೆ ಕೊಟ್ಟರೂ ಮೂಲ ಕಾಯ್ದೆಯ ಕಣ್ಣಿಗೆ ಪರಭಾರೆಯೇ; 2023ರಿಂದ ಆಗಿರುವ ತಿದ್ದುಪಡಿಗಳನ್ನೂ ನೋಡಿಕೊಳ್ಳಿ. ನಲವತ್ತು ವರ್ಷದಿಂದ ಒಬ್ಬರೇ ಉಳುತ್ತಿದ್ದಾರೆ ಎಂಬ ಮಾತಷ್ಟೇ ಅಲ್ಲಿ ಸಾಲದು. 1953ರ ಅಕ್ಟೋಬರಿಗೆ ಮುಂಚೆ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಕಾಲದ ಮೂಲ ಪತ್ರ ಕನ್ನಡದಲ್ಲಿದ್ದರೆ, ತೆಲುಗು ಮಾತ್ರ ಬಲ್ಲವರಿಂದ ಸಾರಾಂಶ ಬರೆಸಬೇಡಿ. ಸರ್ವೆ ನಂಬರು ಸರಿಯಿದ್ದು ಚೆಕ್ಕುಬಂದಿ ತಪ್ಪುತ್ತದೆ.

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಗುತ್ತಿಗೆಗಳು ಹಾಳಾಗುವುದು ಹೆಣ್ಣುಮಕ್ಕಳ ಸಹಿ ಬಿಟ್ಟದ್ದರಿಂದ. ಒನ್-ಬಿಯಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇರುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದು 2005ರ ತಿದ್ದುಪಡಿ ಹೇಳುತ್ತದೆ. ಅದಕ್ಕೆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಆ ಮಗಳನ್ನು ಮೊಳಕಾಲ್ಮೂರಿಗೋ ಬಳ್ಳಾರಿಗೋ ಕೊಟ್ಟಿರುತ್ತಾರೆ. ಅವರು ಇಲ್ಲಿಗೇ ಬರಬೇಕೆಂದಿಲ್ಲ. ತಾವಿರುವ ಊರಿನ ಸಬ್‌ರಿಜಿಸ್ಟ್ರಾರ್ ಮುಂದೆ ಸಹಿ ಮಾಡಿ ದೃಢೀಕರಿಸಿದ ಮುಖ್ತ್ಯಾರನಾಮೆ ಸಾಕು. ನೋಟರಿ ಮುದ್ರೆಯದು ಇಲ್ಲಿ ನಡೆಯದು. ಗುತ್ತಿಗೆ ಪತ್ರ ಮಾತ್ರ ಜಮೀನು ಇರುವ ಕಡೆಯೇ ನೋಂದಣಿಯಾಗಬೇಕು, ಅದೂ ಸಹಿಯಾದ ನಾಲ್ಕು ತಿಂಗಳೊಳಗೆ ಹಾಜರುಪಡಿಸಿ. ರೈತರ ಕಡೆಯವರಿಗೂ ಒಂದು ಮಾತು: ಗುತ್ತಿಗೆ ಮುಗಿದ ಮೇಲೆ ಗಾಳಿ ಫ್ಯಾನಿನ ಕಾಂಕ್ರೀಟು ಬುನಾದಿಯನ್ನು ಯಾರು, ಎಷ್ಟು ಆಳದವರೆಗೆ ತೆಗೆಯಬೇಕು ಎಂಬುದನ್ನು ಪತ್ರದಲ್ಲೇ ಬರೆಸಿಕೊಳ್ಳಿ.

ಇಷ್ಟಾದ ಮೇಲೆ ಸಿಗುವುದು ನಿಜವಾದ ಸರ್ಕಾರಿ ಹಿಡಿತ. ಕರೆಂಟು ಮಾಡುವವರು ಖಾಸಗಿ, ಕೊಳ್ಳುವುದು ಸರ್ಕಾರಿ ಡಿಸ್ಕಾಂ, ಅಂದರೆ ವಿದ್ಯುತ್ ಹಂಚುವ ಕಂಪನಿ. ಆಂಧ್ರದಲ್ಲಿ ಹಲವು ಗಾಳಿ ಘಟಕಗಳ ಪಿಪಿಎ (ವಿದ್ಯುತ್ ಖರೀದಿ ಒಪ್ಪಂದ) 25 ವರ್ಷಕ್ಕೆ, ಯೂನಿಟ್ಟಿಗೆ 4.84 ರೂಪಾಯಿಯಂತೆ ಆಗಿತ್ತು. 2019ರ ಜುಲೈ 1ರಂದು ಹೊಸ ಸರ್ಕಾರ ದರ ಇಳಿಸಲು ಮಾತುಕತೆಯ ಸಮಿತಿ ಮಾಡಿತು. ಉತ್ಪಾದಕರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಆ ಸಮಿತಿ ರಚಿಸಿದ ಸರ್ಕಾರಿ ಆದೇಶವನ್ನು ರದ್ದು ಮಾಡಿತು, ಆದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ತೀರ್ಮಾನಿಸುವವರೆಗೆ ಗಾಳಿಗೆ 2.43, ಸೌರಕ್ಕೆ 2.44 ರೂಪಾಯಿ ಕೊಟ್ಟರೆ ಸಾಕು ಎಂದಿತು. ಅಂದರೆ ಗೆದ್ದವರಿಗೆ ಸಿಕ್ಕದ್ದು ಅರ್ಧ ದರ. ಪೂರ್ತಿ ಒಪ್ಪಂದದ ದರ ಕೊಡಿ ಎಂದು ವಿಭಾಗೀಯ ಪೀಠ ಹೇಳಿದ್ದು 2022ರ ಮಾರ್ಚ್ 15ರಂದು. ನಡುವಿನ ಎರಡೂವರೆ ವರ್ಷ ಬ್ಯಾಂಕಿನ ಕಂತು ನಿಂತಿರಲಿಲ್ಲ. ಅದಕ್ಕೇ ಪಿಪಿಎ ಕೈಗೆ ಬಂದಾಗ ದರದ ಪುಟಕ್ಕಿಂತ ಮೊದಲು ಎಲ್‌ಸಿ (ಡಿಸ್ಕಾಂ ಪರವಾಗಿ ಬ್ಯಾಂಕು ಕೊಡುವ ಪಾವತಿ ಖಾತರಿ ಪತ್ರ) ಪುಟ ಓದಬೇಕು: ಎಷ್ಟು ತಿಂಗಳ ಬಿಲ್ಲಿಗೆ, ಯಾವ ಬ್ಯಾಂಕಿನದು, ತೀರಿದಾಗ ತುಂಬುವವರು ಯಾರು. ಕರೆಂಟು ಪಡೆಯುವ ಮುಂಚೆ ಡಿಸ್ಕಾಂ ಎಲ್‌ಸಿ ಇಡಬೇಕೆಂಬ ಕೇಂದ್ರದ ಆದೇಶ ಜಾರಿಯಾದದ್ದೂ ಅದೇ 2019ರ ಆಗಸ್ಟ್ 1ರಂದು.

ವ್ಯಾಜ್ಯವನ್ನು ಸಿಂಗಪುರದ ಪಂಚಾಯ್ತಿಗೆ (ಆರ್ಬಿಟ್ರೇಷನ್) ಒಯ್ಯೋಣ ಎಂಬ ಷರತ್ತನ್ನು ವಿದೇಶಿ ವಕೀಲರು ಬಹಳ ಆಸೆಯಿಂದ ಸೇರಿಸುತ್ತಾರೆ. ಉತ್ಪಾದಕ ಮತ್ತು ಡಿಸ್ಕಾಂ ನಡುವಿನ ಜಗಳಕ್ಕೆ ಅದು ಉಪಯೋಗಕ್ಕೆ ಬಾರದು. 2003ರ ವಿದ್ಯುತ್ ಕಾಯ್ದೆಯ 86(1)(ಎಫ್) ಪ್ರಕಾರ ತೀರ್ಮಾನ ರಾಜ್ಯ ಆಯೋಗದ್ದು. ಆಯೋಗವೇ ವಿಚಾರಿಸಬಹುದು, ಇಲ್ಲವೇ ಪಂಚರನ್ನು ತಾನೇ ನೇಮಿಸಬಹುದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಆದೇಶ ಕೈಸೇರಿದ 45 ದಿನದೊಳಗೆ ದಿಲ್ಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು, ಅಲ್ಲಿಂದ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ. ದೇಶ ದೇಶಗಳ ನಡುವಿನ ಹೂಡಿಕೆ ಒಪ್ಪಂದದ ಆಸರೆಯೂ ಈಗ ತೆಳು. ಹಳೆಯವುಗಳಲ್ಲಿ ಹೆಚ್ಚಿನವನ್ನು ಭಾರತ 2016ರಿಂದ ಮುಗಿಸುತ್ತ ಬಂತು, ಹೊಸ ಮಾದರಿಯಲ್ಲಿ ಐದು ವರ್ಷ ಇಲ್ಲಿನ ಕೋರ್ಟುಗಳಲ್ಲೇ ಓಡಾಡಬೇಕು. ಸಂಯುಕ್ತ ಅರಬ್ ಸಂಸ್ಥಾನದವರಿಗೆ 2024ರಲ್ಲಿ ಅದು ಮೂರು ವರ್ಷಕ್ಕೆ ಇಳಿದಿದೆ.

ಇನ್ನು ಬಾಕಿ ವಸೂಲಿ. ಕಾಲಮಿತಿ ಮೀರಿದ ಬಾಕಿಯನ್ನು ಆಯೋಗವೂ ಕೊಡಿಸುವಂತಿಲ್ಲ ಎಂದು 2015ರಲ್ಲಿ ತೀರ್ಪಾಯಿತು, ಅದೂ ಆಂಧ್ರದ್ದೇ ಪ್ರಕರಣದಲ್ಲಿ. ಮಿತಿ ಮೂರು ವರ್ಷ. "ಮುಂದಿನ ತಿಂಗಳು ನೋಡೋಣ ಸಾರ್" ಎಂಬ ಫೋನಿನ ಭರವಸೆಯಿಂದ ಅದು ಒಂದು ದಿನವೂ ಮುಂದೆ ಹೋಗದು. ಸಹಿ ಇರುವ ಬಾಕಿ ಒಪ್ಪಿಗೆ ಪತ್ರವಿದ್ದರೆ, ಅದೂ ಮಿತಿ ಮುಗಿಯುವ ಮೊದಲೇ ಕೈಸೇರಿದ್ದರೆ, ಆ ತಾರೀಖಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಪ್ರತಿ ಮಾರ್ಚ್ ಕೊನೆಗೆ ಬಿಲ್ಲುವಾರು ಪಟ್ಟಿ ಮಾಡಿ, ಡಿಸ್ಕಾಂ ಲೆಕ್ಕಾಧಿಕಾರಿಯಿಂದ ಸಹಿ, ಮುದ್ರೆ, ತಾರೀಖು ಮೂರನ್ನೂ ಹಾಕಿಸಿ ಕಡತಕ್ಕೆ ಸೇರಿಸಿ.