ಹಡಗು ಹೊರಡುವ ದಿನವೇ ಫ್ಲೈಟ್ ಹತ್ತಬಹುದಾ?

ಬೆಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಕ್ರೂಸ್ ಬುಕಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಸಿಂಗಪುರದಿಂದ ಹೊರಡುವ ಹಡಗುಗಳೇ ಜಾಸ್ತಿ. ನಡುನಡುವೆ ಮುಂಬೈ, ಯುರೋಪ್, ಮಕ್ಕಳು ಅಲ್ಲಿದ್ದರೆ ಅಮೆರಿಕ. ಎಲ್ಲಿಗೇ ಹೋಗಲಿ, ಎಲ್ಲರೂ ಕೇಳುವುದು ಇದನ್ನೇ: "ಹಡಗು ಸಂಜೆ ಐದಕ್ಕೆ ತಾನೇ? ಅವತ್ತೇ ಬೆಳಿಗ್ಗೆ ಫ್ಲೈಟ್ ಹಿಡಿದ್ರೆ ಸಾಕಲ್ವಾ? ಒಂದು ರಾತ್ರಿ ಹೋಟೆಲ್ ದಂಡ ಯಾಕೆ?"

ಮೊದಲು ಗಡಿಯಾರದ ಲೆಕ್ಕ ನೋಡಿ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ಬೆಳಿಗ್ಗೆ 8ಕ್ಕೆ ಹೊರಟರೆ ಅಲ್ಲಿ ಇಳಿಯುವಾಗ ಮಧ್ಯಾಹ್ನ 3. ಆಮೇಲೆ ಇಮಿಗ್ರೇಷನ್, ಬ್ಯಾಗು, ಟ್ಯಾಕ್ಸಿ. ಟಿಕೆಟ್ ಮೇಲೆ 5 ಗಂಟೆ ಅಂತ ಇರುವುದು ಹಡಗು ಹೊರಡುವ ಸಮಯ, ನೀವು ಬಂದು ಸೇರಬೇಕಾದ ಸಮಯ ಅಲ್ಲ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಅದಕ್ಕಿಂತ ಒಂದು, ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ. ಮುಚ್ಚಿದ ಮೇಲೆ ಹಡಗು ಕಣ್ಣೆದುರೇ ನಿಂತಿದ್ದರೂ ಹತ್ತಿಸಿಕೊಳ್ಳುವುದಿಲ್ಲ. ಕೊಟ್ಟ ದುಡ್ಡೂ ಬಹುಮಟ್ಟಿಗೆ ವಾಪಸ್ ಬರುವುದಿಲ್ಲ, ನೀರಲ್ಲಿ ಹೋಮ ಅಷ್ಟೇ.

ಬೆಳಗಿನ ಫ್ಲೈಟಿನ ಕಥೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಜನ ಹಿಂದಿನ ರಾತ್ರಿ 11ರ ಸುಮಾರಿಗೆ ಹೊರಟು ಬೆಳಿಗ್ಗೆ 6ಕ್ಕೆ ಸಿಂಗಪುರದ ಚಾಂಗಿ ಏರ್‌ಪೋರ್ಟಿನಲ್ಲಿ ಇಳಿಯುವ ಫ್ಲೈಟ್ ಕೇಳುತ್ತಾರೆ. ಕೈಯಲ್ಲಿ ಹತ್ತು ಗಂಟೆ ಇದೆಯಲ್ಲ ಅನ್ನುವ ಧೈರ್ಯ. "ಲೇಟ್ ಆಗಬಹುದು ಸರ್" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಫ್ಲೈಟ್ ಸರಿಯಾದ ಟೈಮಿಗೆ ಹೋದ ಅನುಭವವೇ ಜಾಸ್ತಿ. ಹಾಗಾಗಿ ಈಗ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: "ಇದು ಕ್ಯಾನ್ಸಲ್ ಆದ್ರೆ ಮುಂದಿನ ಯಾವ ಫ್ಲೈಟಲ್ಲಿ ಹೋಗ್ತೀರಿ, ಹೇಳಿ ನೋಡೋಣ." ಕಂಪ್ಯೂಟರನ್ನು ಅವರ ಕಡೆ ತಿರುಗಿಸುತ್ತೇನೆ. ಮೂರು ಗಂಟೆ ತಡವಾದರೆ ಆ ಹತ್ತು ಗಂಟೆಯಲ್ಲಿ ಹೇಗೋ ಸರಿಹೋಗುತ್ತದೆ. ಕ್ಯಾನ್ಸಲ್ ಆದರೆ ಮಾತ್ರ ಮತ್ತೆ ಅದೇ ಬೆಳಗಿನ ಫ್ಲೈಟು, ಅದೇ ಮಧ್ಯಾಹ್ನ 3 ಗಂಟೆ, ಅದೂ ಬೇಸಿಗೆ ರಜೆಯಲ್ಲಿ ಅಜ್ಜಿ ಮೊಮ್ಮಕ್ಕಳು ಸೇರಿ ಆರು ಜನಕ್ಕೆ ಒಟ್ಟಿಗೆ ಸೀಟು ಸಿಕ್ಕರೆ. ಇದನ್ನು ನೋಡಿದ ಮೇಲೆ ಹೆಚ್ಚಿನವರು ತಾವೇ "ಒಂದಿನ ಮುಂಚೆ ಹಾಕಿಬಿಡಿ" ಅನ್ನುತ್ತಾರೆ.

ಕ್ಯಾನ್ಸಲ್ ಎಲ್ಲಿ ಆಗುತ್ತೆ ಬಿಡಿ ಅನ್ನುವವರೂ ಇದ್ದಾರೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪನಿಯ ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಲೋಕದ ಲಕ್ಷಾಂತರ ಕಂಪ್ಯೂಟರ್‌ಗಳು ನೀಲಿ ಸ್ಕ್ರೀನ್ ತೋರಿಸಿದ ದಿನ. ನಮ್ಮ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಡುತ್ತಿದ್ದರು, ಎಷ್ಟೋ ಫ್ಲೈಟ್ ಕ್ಯಾನ್ಸಲ್ ಆದವು.

ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ವಿಷಯ ಬ್ಯಾಗು. ದಾವಣಗೆರೆಯ ಒಂದು ಕುಟುಂಬ ರಾತ್ರಿ ಫ್ಲೈಟಲ್ಲೇ ಹೋಯಿತು, ಟೈಮಿಗೆ ಸರಿಯಾಗಿ ಇಳಿಯಿತು. ಒಂದು ಬ್ಯಾಗ್ ಮಾತ್ರ ಬರಲಿಲ್ಲ. ಕೌಂಟರಿನಲ್ಲಿ ಫಾರಂ ಕೊಟ್ಟರು. ಅದರಲ್ಲಿ "ಇಲ್ಲಿನ ವಿಳಾಸ" ಅಂತ ಒಂದು ಜಾಗ. ಅಲ್ಲಿಂದಲೇ ನನಗೆ ಫೋನ್: "ಮೇಡಂ, ಇಲ್ಲಿ ಏನ್ ಬರೀಲಿ?" ಹೋಟೆಲ್ ಇದ್ದಿದ್ದರೆ ಬ್ಯಾಗ್ ಮರುದಿನ ರೂಮಿಗೇ ಬರುತ್ತಿತ್ತು. ಹಡಗಿಗೆ ಯಾರು ತಂದುಕೊಡುತ್ತಾರೆ? ಬ್ಯಾಗ್ ಮರುದಿನ ಚಾಂಗಿಗೆ ಬಂತು, ಇವರು ಆಗಲೇ ಮಲೇಶಿಯಾದ ಪೆನಾಂಗ್ ದಾರಿಯಲ್ಲಿ. ಅಜ್ಜಿಯ ಬಿಪಿ ಮಾತ್ರೆ ಇದ್ದಿದ್ದು ಅದೇ ಬ್ಯಾಗಲ್ಲಿ. ಮಾತ್ರೆ ಹಡಗಿನ ಡಾಕ್ಟರ್ ಹತ್ತಿರ ಸಿಕ್ಕಿತು, ಬಿಲ್ ಡಾಲರ್‌ನಲ್ಲಿ. ಆವತ್ತಿನಿಂದ ನಾನು ಕಳಿಸುವ ವಾಟ್ಸಾಪ್ ಮೆಸೇಜಿನ ಮೊದಲ ಸಾಲೇ ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಹ್ಯಾಂಡ್‌ಬ್ಯಾಗಲ್ಲಿ ಅಂತ.

"ತಪ್ಪಿದರೆ ಮುಂದಿನ ಬಂದರಿನಲ್ಲಿ ಹತ್ತಿಕೊಂಡ್ರಾಯ್ತು" ಅನ್ನುವುದು ಇನ್ನೊಂದು ಮಾತು. ಪೆನಾಂಗ್ ಆದರೆ, 2023ರ ಡಿಸೆಂಬರ್‌ನಿಂದ ಮಲೇಶಿಯಾ ನಮಗೆ ವೀಸಾ ಕೇಳುತ್ತಿಲ್ಲ, ಸರಿ. ಆದರೂ ಹಡಗಿನವರು ಒಪ್ಪಬೇಕು, ಮತ್ತೆ ಮೂರು ರಾತ್ರಿಯ ಟ್ರಿಪ್ಪಿನಲ್ಲಿ ಆ ಹೊತ್ತಿಗೆ ಉಳಿಯುವುದೆಷ್ಟು? ಅಮೆರಿಕದಲ್ಲಂತೂ 1886ರ ಒಂದು ಕಾನೂನು ಅಡ್ಡ ಬರುತ್ತದೆ. ಬೇರೆ ದೇಶದ ಬಾವುಟದ ಹಡಗು ಅಲ್ಲಿನ ಒಂದು ಬಂದರಿನಲ್ಲಿ ಜನ ಹತ್ತಿಸಿಕೊಂಡು ಅಲ್ಲಿನದೇ ಇನ್ನೊಂದು ಬಂದರಿನಲ್ಲಿ ಸುಮ್ನೆ ಇಳಿಸುವ ಹಾಗಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚಿನವು ಬಹಾಮಾಸ್, ಪನಾಮಾ ಬಾವುಟದವು. ಹಾಗಾಗಿ ಸಿಯಾಟಲ್‌ನಲ್ಲಿ ಅಲಾಸ್ಕಾ ಹಡಗು ತಪ್ಪಿಸಿಕೊಂಡು, ಅಲಾಸ್ಕಾದ ಜೂನೋ ಬಂದರಿಗೆ ಹಾರಿ ಅಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿಯುತ್ತೇನೆ ಅಂದರೆ ಹತ್ತಿಸಿಕೊಳ್ಳುವುದಿಲ್ಲ.

ಯುರೋಪಿನಲ್ಲಿ ದೂರವೇ ಮೋಸ ಮಾಡುತ್ತದೆ. ಪಟ್ಟಿಯಲ್ಲಿ ರೋಮ್ ಅಂತ ಇರುತ್ತೆ, ಹಡಗು ನಿಲ್ಲುವುದು ಚಿವಿಟಾವೆಕಿಯಾದಲ್ಲಿ, ಏರ್‌ಪೋರ್ಟಿನಿಂದ ಅರವತ್ತು ಕಿಲೋಮೀಟರಿಗೂ ಮೇಲೆ. ಲಂಡನ್ ಅಂದರೆ ಬಹಳಷ್ಟು ಸಲ ಸೌತಾಂಪ್ಟನ್. ಇಂಥ ಕಡೆ ಒಂದು ದಿನವೂ ಕಡಿಮೆಯೇ, ಅದರಲ್ಲೂ ನಡುವೆ ಫ್ಲೈಟ್ ಬದಲಾಯಿಸಬೇಕಿದ್ದರೆ. ಆ ಎರಡು ಫ್ಲೈಟೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಅಗ್ಗ ಅಂತ ಬೇರೆಬೇರೆ ಟಿಕೆಟ್ ತೆಗೆದುಕೊಂಡರೆ ಮೊದಲನೆಯದು ಕೈಕೊಟ್ಟಾಗ ಎರಡನೆಯ ಏರ್‌ಲೈನಿನವರು ಜವಾಬ್ದಾರರಲ್ಲ. ಇನ್ಶೂರೆನ್ಸ್ ಇದೆ ಅನ್ನುವವರು ಎಷ್ಟು ಗಂಟೆ ತಡವಾದರೆ ಎಷ್ಟು ಕೊಡುತ್ತಾರೆ ಅನ್ನುವ ಸಾಲನ್ನು ಓದಿಕೊಳ್ಳಿ.

ಹಾಗಂತ ಎಲ್ಲರಿಗೂ ಹೋಟೆಲ್ ಹಾಕಿಸುವವಳಲ್ಲ ನಾನು. ಮುಂಬೈ ಹಡಗಿಗೆ ಅದೇ ದಿನ ಹೋಗಬಹುದು. ಬೆಂಗಳೂರಿನಿಂದ ದಿನವಿಡೀ ಫ್ಲೈಟ್ ಇವೆ, ಎರಡು ಗಂಟೆಯೊಳಗೆ ಇಳಿಯುತ್ತೀರಿ, ಒಂದು ಹೋದರೆ ಇನ್ನೊಂದು. ಆದರೆ ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಮುಂಜಾನೆಯ ಮಂಜು ನೋಡಿದವರಿಗೆ ಗೊತ್ತು, 6ರ ಫ್ಲೈಟ್ 6ಕ್ಕೇ ಏಳುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಮತ್ತೆ ಮುಂಬೈ ಏರ್‌ಪೋರ್ಟಿನಿಂದ ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್ ತನಕದ ಟ್ರಾಫಿಕ್ಕು ಬೇರೆ. ರೈಲೇ ಇಷ್ಟ ಅನ್ನುವವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಬಂದರು ಹತ್ತಿರ, ಆದರೆ ಒಂದು ಇಡೀ ದಿನ ಹಿಡಿಯುವುದರಿಂದ ಹಿಂದಿನ ದಿನವೇ ತಲುಪುವ ಹಾಗೆ ನೋಡಿಕೊಳ್ಳಬೇಕು.

ವಾಪಸ್ ಬರುವ ದಿನಕ್ಕೂ ಇದೇ ಆತುರ ಮಾಡುತ್ತಾರೆ. ಹಡಗು ಬೆಳಿಗ್ಗೆ 7ಕ್ಕೆ ದಡ ಸೇರಿದರೂ ಸಾವಿರಾರು ಜನ ಗುಂಪುಗುಂಪಾಗಿ ಇಳಿಯಬೇಕು, ದೊಡ್ಡ ಬ್ಯಾಗುಗಳು ಹಿಂದಿನ ರಾತ್ರಿಯೇ ರೂಮಿನ ಹೊರಗೆ ಹೋಗಿ ಕೆಳಗೆ ಹಾಲ್‌ನಲ್ಲಿ ಸಾಲಾಗಿ ಕೂತಿರುತ್ತವೆ, ಅದರಲ್ಲಿ ನಿಮ್ಮದನ್ನು ಹುಡುಕಬೇಕು. 10ರ ಫ್ಲೈಟ್ ಕೇಳಿದರೆ ನಾನು ಹಾಕುವುದಿಲ್ಲ. ಮಧ್ಯಾಹ್ನ 1ರ ಮೇಲಿನದು ಯಾವುದಿದ್ದರೂ ಸರಿ.